ಮೋಂಘೀಬೆನ್‌ಗೆ ಬಂದ ಹಳದಿ ಮುಚ್ಚಳ

ಮೋಂಘೀಬೆನ್ ಚೌಧರಿ ದೊಡ್ಡ ದಾನಿ ಎಂದು ಈ ಕತೆ ಬರೆದವನು ಕೆಲವು ದಿನ ನಂಬಿದ್ದ. ಆಗ ವಾವಡೀಪುರಕ್ಕೆ ಅವನು ಹೊಸಬ. ಹಾಲಿನ ಡೈರಿಯ ಕಟ್ಟೆಯ ಮೇಲೆ ಯಾರೋ, "ಆಕೆ ತನ್ನ ಬಾಯಿಗೆ ಹಾಕ್ಕೊಂಡು ನೋಡದೆ ದಾಣ ಹಾಕೋಳಲ್ಲ" ಎಂದದ್ದು ಕ್ಯಾನುಗಳ ಗಲಾಟೆಯಲ್ಲಿ ಣಕಾರ ಕಳೆದುಕೊಂಡು "ದಾನ" ಎಂದು ಕೇಳಿಸಿತ್ತು. ಬೇರೆಯವರಿಗೆ ಕೊಡುವುದನ್ನು ತಾನೇ ಮೊದಲು ಉಂಡು ನೋಡುವ ಇಂಥ ತಾಯಿಯ ದರ್ಶನವಾದರೂ ಆಗಲಿ ಎಂದು ಹೋದರೆ, ಆ ತಾಯಿ ಕೊಟ್ಟಿಗೆಯ ಗೋದಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ದನದ ಹಿಂಡಿಯ ಚೂರೊಂದನ್ನು ನಾಲಿಗೆಯ ಮೇಲೆ ಹೊರಳಿಸಿ, ಥೂ ಎಂದು ಉಗಿದು, "ಮರಳು" ಎಂದು ತೀರ್ಪು ಕೊಡುತ್ತಿದ್ದರು. ಆ ಸೀಮೆಯಲ್ಲಿ ದಾಣ ಎಂದರೆ ದನ ಎಮ್ಮೆಗಳ ತಿಂಡಿ. ದಾನದ ಮಾತಿಗೆ ಬಂದರೆ, ಬಾಗಿಲಿಗೆ ಬಂದ ಬೈರಾಗಿಯ ಜೋಳಿಗೆಯಲ್ಲಿ ಮೊದಲು ಇಣುಕಿ ನೋಡಿ, ಆಮೇಲೆ ಹಿಟ್ಟು ಹಾಕುವ ಪೈಕಿ ಅವರು.

ಮೋಂಘಿ ಎಂದರೆ ದುಬಾರಿ. ಸಾಲಾಗಿ ಗಂಡುಮಕ್ಕಳೇ ಹುಟ್ಟಿದ ಮನೆಯಲ್ಲಿ ಕೊನೆಗೊಂದು ಹೆಣ್ಣಾಯಿತೆಂದು ಅಪ್ಪ ಮುದ್ದಿನಿಂದ ಇಟ್ಟ ಹೆಸರು. ವಾವಡೀಪುರದವರು ಅದಕ್ಕೆ ತಮ್ಮದೇ ಅರ್ಥ ಹಚ್ಚಿಕೊಂಡಿದ್ದರು: ಈಕೆಯನ್ನು ಏನಾದರೂ ನಂಬಿಸಹೊರಟರೆ ಹೊರಟವನಿಗೆ ದುಬಾರಿ ಬೀಳುತ್ತದೆ. ಡೈರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಯಂತ್ರ ಬಂದಾಗ ಊರೆಲ್ಲ ಅದಕ್ಕೆ ಕುಂಕುಮ ಹಚ್ಚಿ ಕೈಮುಗಿದಿತ್ತು. ಮೋಂಘೀಬೆನ್ ಮಾತ್ರ ತಮ್ಮ ಹಾಲನ್ನು ಅಳೆಯಿಸಿ, ಹಿಂದಿನವರ ಹಾಲು ಅಳೆಯುವವರೆಗೂ ಅಲ್ಲೇ ನಿಂತು, ಯಂತ್ರಕ್ಕೆ ಮುಖ ನೋಡಿ ಮಣೆ ಹಾಕುವ ಬುದ್ಧಿ ಇದೆಯೇ ಎಂದು ಪರೀಕ್ಷಿಸುತ್ತಿದ್ದರು. ಗಂಡ ಗೆಮರ್‌ಭಾಯಿ ಮೆತ್ತಗಿನ ಮನುಷ್ಯ. ಮದುವೆಯಾಗಿ ತಲೆ ನರೆತರೂ, ತಾನು ಮಾಡಿಕೊಟ್ಟ ಚಹಾವನ್ನು ಹೆಂಡತಿ ಮೂಸದೆ ಕುಡಿದದ್ದನ್ನು ಆತ ಕಂಡಿರಲಿಲ್ಲ. ಅದರಿಂದ ಆತನಿಗೆ ಬೇಸರವೇನೂ ಇರಲಿಲ್ಲ. ಮೂಸಿದ ಮೇಲೆ ಕುಡಿಯುತ್ತಾಳಲ್ಲ, ಅಷ್ಟು ಸಾಕು ಎನ್ನುತ್ತಿದ್ದ.

ಈ ಗುಣ ಹುಟ್ಟಿನಿಂದ ಬಂದದ್ದಲ್ಲ. ಹೊಸ ಸೊಸೆಯಾಗಿ ಆ ಮನೆಗೆ ಬಂದ ವರ್ಷ, ಕೇಸರಿ ರುಮಾಲಿನವನೊಬ್ಬ ಹೆಗಲಿಗೆ ಚೀಲ ಹಾಕಿಕೊಂಡು ಬಂದು, ಎಮ್ಮೆಯ ಹಾಲು ಹೆಚ್ಚಿಸುವ ಪುಡಿ ಎಂದು ಅತ್ತೆಗೆ ಕೊಟ್ಟು ಹೋಗಿದ್ದ. ಕೆಲವು ದಿನ ಹಾಲು ನಿಜಕ್ಕೂ ಹೆಚ್ಚಿತು. ಅತ್ತೆ ಪುಡಿಯನ್ನೂ ಹೆಚ್ಚಿಸಿದರು. ಆಮೇಲೊಂದು ಬೆಳಿಗ್ಗೆ ಮಲಗಿದ ಎಮ್ಮೆ ಏಳಲಿಲ್ಲ. ರುಮಾಲಿನವನು ಸಿಗಲಿಲ್ಲ, ಸೊಸೆ ಕೈಗೆ ಸಿಕ್ಕಿದಳು. ಇವಳ ಕಾಲ್ಗುಣ ಎಂದು ಮನೆಯಲ್ಲಿ ತೀರ್ಮಾನವಾಯಿತು. ಕಾಲ್ಗುಣದ ಬಗ್ಗೆ ಮೋಂಘೀಬೆನ್ ಏನೂ ಮಾಡುವಂತಿರಲಿಲ್ಲ. ನಾಲಿಗೆ ಅವರದೇ ಆಗಿತ್ತು. ಅಂದಿನಿಂದ ಗೋದಲೆಗೆ ಬೀಳುವುದೆಲ್ಲ ಮೊದಲು ಆ ನಾಲಿಗೆಯ ಮೇಲೆ ಬಿದ್ದು ಹೋಗಬೇಕಾಯಿತು.

ಈಗ ಹೇಳುವ ಸಂಗತಿ ನಡೆದ ವರ್ಷ ಅವರ ಚಿಂತೆಯೆಲ್ಲ ಭೂರಿಯದು. ಭೂರಿ ಅವರ ಕಂದು ಎಮ್ಮೆ. ಮನೆಯಲ್ಲೇ ಹುಟ್ಟಿ, ಮನೆಯಲ್ಲೇ ಬೆಳೆದು, ಮಗಳು ಮಧು ಗಂಡನ ಮನೆಗೆ ಹೋದ ಮೇಲೆ ಮಗಳ ಪಾಲಿನ ಬೈಗುಳವನ್ನೂ ತಾನೇ ತಿನ್ನುತ್ತಿದ್ದ ಪ್ರಾಣಿ. ಎರಡನೆಯ ಕರು ಹಾಕಿದ ಮೇಲೆ ಅದು ಬೆದೆಗೇ ಬರಲಿಲ್ಲ. ಹಾಲು ಇಂಗುತ್ತ ಬಂತು. ಹಸಿರು ಹುಲ್ಲು ಮುಂದಿಟ್ಟರೆ ಬಿಟ್ಟು ಗೋಡೆ ನೆಕ್ಕುವುದು, ಹಗ್ಗ ಜಗಿಯುವುದು, ಒಣಗಹಾಕಿದ ಗೆಮರ್‌ಭಾಯಿಯ ಧೋತರದ ಅಂಚು ನುಂಗುವುದು ಶುರುವಾಯಿತು. ಗೊಡ್ಡೆಮ್ಮೆಗೆ ಮೇವು ಹಾಕಿ ಕೂರುವಷ್ಟು ಹುಲ್ಲು ಯಾರ ಹೊಲದಲ್ಲೂ ಬೆಳೆಯುವುದಿಲ್ಲ. ಓಖಾಜಿ ಎಂಬ ದನದ ದಲ್ಲಾಳಿ ಬಂದು ಮಂಚದ ಮೇಲೆ ಕೂತು ಚಹಾ ಕುಡಿದು ಹೋದ. ಹೋಳಿಯೊಳಗೆ ಗಬ್ಬ ನಿಲ್ಲದಿದ್ದರೆ ಭೂರಿಯನ್ನು ಹೊಡೆದುಕೊಂಡು ಹೋಗು ಎಂದು ಗೆಮರ್‌ಭಾಯಿ ಮಾತು ಕೊಟ್ಟಿದ್ದ. ಆತ ಬಾಯಿ ಬಿಡುವುದು ಕಡಿಮೆ. ಅದಕ್ಕೇ ಬಿಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸವೂ ಆತನಿಗಿರಲಿಲ್ಲ. ಓಖಾಜಿ ಕೊಂಡ ಎಮ್ಮೆಗಳು ಮುಂದೆ ಎಲ್ಲಿಗೆ ಹೋಗುತ್ತವೆ ಎಂದು ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದುದರಿಂದ.

ದೀಪಾವಳಿ ಕಳೆದ ಮೇಲೆ ಡಾಕ್ಟರ್ ಯಾಜ್ಞಿಕ್ ಊರಿಗೆ ಬಂದದ್ದು ಇಂಥ ಹೊತ್ತಿನಲ್ಲಿ. ಜಿಲ್ಲಾ ಹಾಲು ಸಂಘದಲ್ಲಿ ದಾಣ ಪರೀಕ್ಷಿಸುವ ವಿಭಾಗದ ಪಶುವೈದ್ಯ. ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಒಂದು ವಾಕ್ಯದಲ್ಲಿ ಮೂರು ಸಲ "ವೈಜ್ಞಾನಿಕವಾಗಿ" ಎನ್ನುವ ರೂಢಿ. ಡೈರಿಯ ಮಂತ್ರಿ ದಲ್‌ಸಂಗ್‌ಭಾಯಿ ಊರಿನ ಹೆಂಗಸರನ್ನೆಲ್ಲ ಕರೆಸಿ ಡೈರಿಯ ಅಂಗಳದಲ್ಲಿ ಕೂರಿಸಿದ್ದ. ಹಾಲಿನ ಸೊಸೈಟಿಯ ಕಾರ್ಯದರ್ಶಿಯನ್ನು ಅಲ್ಲಿ ಮಂತ್ರಿ ಎನ್ನುತ್ತಾರೆ. ಆ ಶಬ್ದವನ್ನು ಅದರ ಪೂರ್ಣ ಘನತೆಯಲ್ಲಿ ತೆಗೆದುಕೊಂಡವನೆಂದರೆ ಇಡೀ ತಾಲ್ಲೂಕಿನಲ್ಲಿ ದಲ್‌ಸಂಗ್‌ಭಾಯಿ ಒಬ್ಬನೇ. ಡೈರಿಗೆ ಬರುವಾಗ ಮನೆ ಎದುರಿಗೇ ಇದ್ದರೂ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದ.

ಈ ಕಡೆಯ ಮಣ್ಣಿನಲ್ಲಿ ತಾಮ್ರ, ಸತು, ಕೋಬಾಲ್ಟ್ ಕಡಿಮೆ, ಆದ್ದರಿಂದ ಮೇವಿನಲ್ಲೂ ಕಡಿಮೆ, ಆದ್ದರಿಂದ ಎಮ್ಮೆಯ ಮೈಯಲ್ಲೂ ಕಡಿಮೆ ಎಂದು ಡಾಕ್ಟರ್ ವಿವರಿಸಿದ. ಬೇಕಾದದ್ದು ಸಾಸಿವೆಯಷ್ಟೇ, ಆದರೆ ಆ ಸಾಸಿವೆಯಷ್ಟು ಇಲ್ಲದಿದ್ದರೆ ಎಮ್ಮೆ ಬೆದೆಗೆ ಬರುವುದಿಲ್ಲ, ಗೋಡೆ ನೆಕ್ಕುತ್ತದೆ. ಗೋಡೆ ಎಂದ ಕೂಡಲೇ ಮೋಂಘೀಬೆನ್ ತಲೆ ಎತ್ತಿದರು. ಸಂಘದವರು ಒಂದು ಖನಿಜದ ಪುಡಿ ತಯಾರಿಸಿದ್ದಾರೆ, ಅದರಿಂದ ಉಪಯೋಗವಿದೆಯೇ, ಅಪಾಯವಿಲ್ಲವೇ ಎಂದು ನೋಡಿದ ಮೇಲಷ್ಟೇ ಎಲ್ಲ ದಾಣದ ಚೀಲಗಳಿಗೆ ಸೇರಿಸುವುದು, ಅದಕ್ಕಾಗಿ ವಾವಡೀಪುರವನ್ನು ಆರಿಸಿದ್ದೇವೆ ಎಂದ. ಅರ್ಧ ಮನೆಗಳಿಗೆ ಹಳದಿ ಮುಚ್ಚಳದ ಡಬ್ಬಿ, ಅರ್ಧ ಮನೆಗಳಿಗೆ ಹಸಿರು ಮುಚ್ಚಳದ್ದು. ಒಂದರಲ್ಲಿ ಖನಿಜ, ಇನ್ನೊಂದರಲ್ಲಿ ಬರೀ ಸುಣ್ಣಕಲ್ಲಿನ ಪುಡಿ. ಬಣ್ಣ, ವಾಸನೆ, ರುಚಿ ಎಲ್ಲ ಒಂದೇ.

"ಯಾವುದರಲ್ಲಿ ಯಾವುದು?" ಎಂದು ಮೋಂಘೀಬೆನ್ ಕೇಳಿದರು.

"ಅದು ನಿಮಗೆ ಗೊತ್ತಾಗಬಾರದು ಬೆನ್. ನನಗೂ ಗೊತ್ತಿಲ್ಲ. ವೈಜ್ಞಾನಿಕವಾಗಿ ಇದಕ್ಕೆ ಕುರುಡು ಪರೀಕ್ಷೆ ಅಂತಾರೆ. ನೀವೂ ಕುರುಡು, ನಾನೂ ಕುರುಡು."

"ಕಣ್ಣಿರೋರು ಯಾರೂ ಸಿಗಲಿಲ್ವಾ ನಿಮ್ಮ ಸಂಘಕ್ಕೆ?"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಡಾಕ್ಟರ್ ನಗಲಿಲ್ಲ. ಗೊತ್ತಿದ್ದರೆ ಮನಸ್ಸು ಒಂದು ಕಡೆಗೆ ವಾಲುತ್ತದೆ, ಖನಿಜ ಸಿಕ್ಕವರು ಎಮ್ಮೆಗೆ ಹುಲ್ಲನ್ನೂ ಜಾಸ್ತಿ ಹಾಕಿಬಿಡುತ್ತಾರೆ, ಆಮೇಲೆ ಹುಲ್ಲಿನ ಗುಣ ಯಾವುದು ಖನಿಜದ ಗುಣ ಯಾವುದು ಎಂದು ತಿಳಿಯುವುದಿಲ್ಲ, ಅದಕ್ಕೇ ಯಾರೂ ಅದಲು ಬದಲು ಮಾಡಬೇಡಿ ಎಂದು ತಾಳ್ಮೆಯಿಂದ ಹೇಳಿದ. ಮಾತು ಸರಿಯಾಗಿಯೇ ಇತ್ತು. ಆದರೆ ಅಷ್ಟಕ್ಕೆ ನಿಲ್ಲಿಸದೆ ಒಂದು ಎಚ್ಚರಿಕೆಯನ್ನೂ ಸೇರಿಸಿದ: ದಿನಕ್ಕೆ ಡಬ್ಬಿಯಲ್ಲಿರುವ ಚಮಚದಿಂದ ಒಂದೇ ಚಮಚ, ಮತ್ತೆ ಯಾವ ಕಾರಣಕ್ಕೂ ಕುರಿಗಳಿಗೆ ಹಾಕಬಾರದು. ಎಮ್ಮೆಗೆ ಹಿತವಾದಷ್ಟು ತಾಮ್ರ ಕುರಿಯ ಪಿತ್ತಜನಕಾಂಗದಲ್ಲಿ ಕೂಡುತ್ತ ಹೋಗಿ ಅದನ್ನು ಕೊಲ್ಲುತ್ತದೆ.

ಕುರಿಯನ್ನು ಕೊಲ್ಲುವ ಪುಡಿ ಎಮ್ಮೆಯನ್ನು ಗಬ್ಬ ಮಾಡಿಸುತ್ತದೆ ಎಂಬ ಮಾತು ಆ ದಿನ ಸಂಜೆಯೊಳಗೆ ಊರ ಹೊರಗಿನ ಕುರಿ ಕಾಯುವ ರಬಾರಿಗಳ ಗುಡಿಸಲುಗಳವರೆಗೂ ಹೋಗಿ, ಅವರು ಕುರಿಗಳನ್ನು ಬೇರೆ ದಿಕ್ಕಿಗೆ ಹೊಡೆದರು.

ಡಬ್ಬಿಗಳನ್ನು ಚೀಟಿ ಎತ್ತಿ ಹಂಚಿದರು. ಮೋಂಘೀಬೆನ್‌ಗೆ ಹಳದಿ ಬಂತು. ಪಕ್ಕದ ಮನೆಯ ನವಲ್‌ಬೆನ್‌ಗೆ ಹಸಿರು. ನವಲ್‌ಬೆನ್ ಎಂದರೆ ಮಂತ್ರಿ ದಲ್‌ಸಂಗ್‌ಭಾಯಿಯ ಹೆಂಡತಿ, ನಂಟಿನಲ್ಲಿ ಮೋಂಘೀಬೆನ್‌ರ ಓರಗಿತ್ತಿ. ದಲ್‌ಸಂಗ್ ಗೆಮರ್‌ಭಾಯಿಯ ಚಿಕ್ಕಪ್ಪನ ಮಗ. ಮಂತ್ರಿಯ ಮನೆಗೆ ಬಂದದ್ದು ಹಸಿರಾದರೆ ಒಳ್ಳೆಯದು ಹಸಿರೇ ಇರಬೇಕು, ಇದಕ್ಕೆ ಕಣ್ಣು ಬೇಕಿಲ್ಲ ಎಂದು ಮೋಂಘೀಬೆನ್ ಮನಸ್ಸಿನಲ್ಲಿ ಲೆಕ್ಕ ಕಟ್ಟಿದರು. ಮನೆಗೆ ಬಂದು ಹಳದಿ ಡಬ್ಬಿಯ ಪುಡಿಯನ್ನು ನಾಲಿಗೆಗೆ ಹಚ್ಚಿದರು. ಸಪ್ಪೆ. ಹಲ್ಲಿನ ಸಂದಿಯಲ್ಲಿ ಒಂದಿಷ್ಟು ಕರಕರ. ಸುಣ್ಣಕಲ್ಲು ಎಂದು ನಾಲಿಗೆ ಹೇಳಿತು. ಆದರೆ ಹಸಿರನ್ನು ನೋಡದೆ ನಾಲಿಗೆಯ ಮಾತು ಕೇಳುವುದು ಹೇಗೆ? ಒಂದು ಕಡೆಯ ವಾದವಷ್ಟನ್ನೇ ಕೇಳಿ ತೀರ್ಪು ಹೇಳಿದಂತಾಗುತ್ತದೆ.

ಗೆಮರ್‌ಭಾಯಿ ಹುಕ್ಕಾ ಪಕ್ಕಕ್ಕಿಟ್ಟು, ಡಾಕ್ಟರ್ ಓದಿದವನು, ಅವನು ಹೇಳಿದ ಹಾಗೆ ಒಂದು ಚಮಚ ಹಾಕಿಬಿಡು ಎಂದ. ರುಮಾಲಿನವನೂ ಓದಿದ ಹಾಗೇ ಮಾತಾಡುತ್ತಿದ್ದ ಎಂದು ಮೋಂಘೀಬೆನ್ ಅಂದರು. ಗೆಮರ್‌ಭಾಯಿ ಹುಕ್ಕಾ ಮತ್ತೆ ಕೈಗೆತ್ತಿಕೊಂಡ.

ಇಲ್ಲಿ ವಾಟಕಿಯ ಸಂಗತಿ ಬರುತ್ತದೆ. ವಾಟಕಿ ಎಂದರೆ ಬಟ್ಟಲು. ವಾವಡೀಪುರದಲ್ಲಿ ಎರಡು ಮನೆಗಳ ನಡುವೆ ಸಂಬಂಧ ಹೇಗಿದೆ ಎಂದು ತಿಳಿಯಬೇಕಾದರೆ ವಾಟಕಿ ವ್ಯವಹಾರ ಇದೆಯೇ ಎಂದು ಕೇಳುತ್ತಾರೆ. ಇವರ ಮನೆಯಲ್ಲಿ ಕಢಿ ಚೆನ್ನಾಗಿ ಆದರೆ ಒಂದು ಬಟ್ಟಲು ಆ ಮನೆಗೆ, ಅವರ ಮನೆಯಲ್ಲಿ ಬೆಲ್ಲದ ಸುಖಡಿ ಮಾಡಿದರೆ ಒಂದು ಬಟ್ಟಲು ಈ ಮನೆಗೆ. ಬಂದ ಬಟ್ಟಲನ್ನು ತೊಳೆದು ಬರಿದೇ ಹಿಂದಿರುಗಿಸುವುದು ಮಾತ್ರ ಆಗದ ಕೆಲಸ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಅದರಲ್ಲಿರಬೇಕು. ಮೋಂಘೀಬೆನ್ ಮತ್ತು ನವಲ್‌ಬೆನ್ ನಡುವೆ ಮಾತು ಬಿಟ್ಟ ವರ್ಷಗಳೂ ಇದ್ದವು, ವಾಟಕಿ ಬಿಟ್ಟ ದಿನವಿಲ್ಲ. ಗೋಡೆಯ ಮೇಲೆ ಬಟ್ಟಲನ್ನು ಕುಕ್ಕುವ ಸದ್ದಿನಿಂದಲೇ ಆ ದಿನದ ಸಿಟ್ಟು ಎಷ್ಟೆಂದು ಇಬ್ಬರಿಗೂ ತಿಳಿಯುತ್ತಿತ್ತು.

ಮರುದಿನ ಮಧ್ಯಾಹ್ನ ನವಲ್‌ಬೆನ್ ಗೋಡೆಯ ಆಚೆಯಿಂದ ತಲೆ ತೂರಿಸಿದಳು. ಅವಳಿಗೂ ರಾತ್ರಿ ನಿದ್ದೆ ಬಂದಿರಲಿಲ್ಲ. ಗಂಡ ಮಂತ್ರಿಯಾದದ್ದರಿಂದ, ಊರಿನವರು ಬಾಯಿ ಮಾಡದಿರಲೆಂದು ಒಳ್ಳೆಯದನ್ನು ಬೇರೆಯವರಿಗೆ ಕೊಟ್ಟು ಸುಣ್ಣವನ್ನು ತನ್ನ ಮನೆಗೇ ತಂದಿರುತ್ತಾನೆ ಎಂಬುದು ಅವಳ ಅನುಮಾನ. ಗಂಡನ ದೊಡ್ಡಸ್ತಿಕೆಯಿಂದ ಮನೆಗೆ ನಷ್ಟವಾದದ್ದನ್ನೇ ಅವಳು ಇದುವರೆಗೆ ಕಂಡಿದ್ದಳು.

"ಭಾಭಿ, ನಿಮ್ಮ ಹಳದಿ ರುಚಿ ಹೇಗಿದೆ?"

"ನೀನು ಹಸಿರು ತಗೊಂಡು ಬಾ, ಹೇಳ್ತೀನಿ."

ಬಟ್ಟಲು ತುಂಬ ಹಸಿರು ಬಂತು. ಮೋಂಘೀಬೆನ್ ನಾಲಿಗೆಗೆ ಹಚ್ಚಿ ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಇದೂ ಸಪ್ಪೆ, ಇದೂ ಕರಕರ. ಆಮೇಲೆ ಹಳದಿ, ಮತ್ತೆ ಹಸಿರು. ಜೀವಮಾನದಲ್ಲಿ ಮೊದಲ ಸಲ ನಾಲಿಗೆ ಕೈಕೊಟ್ಟಿತ್ತು. ಹಾಗೆಂದು ಓರಗಿತ್ತಿಯ ಮುಂದೆ ಹೇಳುವುದುಂಟೇ? "ಎರಡರಲ್ಲೂ ಒಂದು ಮೋಸ ಇದೆ" ಎಂದರು, ಗಂಭೀರವಾಗಿ. ನವಲ್‌ಬೆನ್‌ಗೆ ಅದು ಸರಿ ಎನಿಸಿತು.

ಬಟ್ಟಲನ್ನು ಹಿಂದಕ್ಕೆ ಕೊಡಬೇಕಲ್ಲ. ಬರಿದೇ ಕೊಡುವಂತಿಲ್ಲ. ಮೋಂಘೀಬೆನ್ ಅದರ ತುಂಬ ಹಳದಿ ಡಬ್ಬಿಯ ಪುಡಿ ಹಾಕಿ ಕೊಟ್ಟರು. ಹಾಗೆ ಕೊಟ್ಟ ಮೇಲೆ ಕಂಡಿತು, ಇದರಲ್ಲಿ ಸಂಪ್ರದಾಯದ ಜೊತೆಗೆ ಬುದ್ಧಿವಂತಿಕೆಯೂ ಇದೆ ಎಂದು. ಒಂದು ಔಷಧ, ಒಂದು ಮಣ್ಣು. ಅಥವಾ ಯಾರಿಗೆ ಗೊತ್ತು, ಒಂದು ಔಷಧ, ಒಂದು ವಿಷ. ಅರ್ಧ ಚಮಚ ಇದು, ಅರ್ಧ ಚಮಚ ಅದು ಹಾಕಿದರೆ ಒಳ್ಳೆಯದು ಅರ್ಧವಾದರೂ ಸಿಗುತ್ತದೆ, ಕೆಟ್ಟದ್ದು ಅರ್ಧವೇ ಆಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದ ಮನೆಯ ಎಮ್ಮೆ ತಮ್ಮ ಎಮ್ಮೆಗಿಂತ ಮುಂದೆ ಹೋಗುವ ಭಯವಿಲ್ಲ. ಮೋಂಘೀಬೆನ್‌ರ ಅನುಮಾನ ಊರಿಗೆಲ್ಲ ಮಾನ್ಯವಾದದ್ದು. ವಾರ ಕಳೆಯುವುದರೊಳಗೆ ಬೀದಿ ಬೀದಿಯಲ್ಲಿ ಬಟ್ಟಲುಗಳು ಗೋಡೆ ದಾಟಿದವು. ಮಂತ್ರಿ ದಲ್‌ಸಂಗ್‌ಭಾಯಿ ಮಾತ್ರ ತನ್ನದೇ ಅಡುಗೆಮನೆಯಲ್ಲಿ ನಡೆಯುತ್ತಿದ್ದುದನ್ನು ಅರಿಯದೆ, ಪರೀಕ್ಷೆ ಅತ್ಯಂತ ಶಿಸ್ತಿನಿಂದ ಸಾಗಿದೆ ಎಂದು ಸಂಘಕ್ಕೆ ಫೋನಿನಲ್ಲಿ ವರದಿ ಮಾಡುತ್ತಿದ್ದ.

ಚಳಿಗಾಲವಿಡೀ ಡಾಕ್ಟರ್ ಯಾಜ್ಞಿಕ್ ಆಗಾಗ ಬಂದು ಎಮ್ಮೆಗಳ ಕತ್ತಿನಿಂದ ರಕ್ತ ತೆಗೆದುಕೊಂಡು ಹೋದ. ಡಬ್ಬಿಯದನ್ನೇ ಹಾಕುತ್ತಿದ್ದೀರಲ್ಲ ಎಂದು ಕೇಳುತ್ತಿದ್ದ. ಹೌದು, ಡಬ್ಬಿಯದನ್ನೇ ಎಂದು ಹೆಂಗಸರು ಹೇಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾರ ಡಬ್ಬಿ ಎಂದು ಆತ ಕೇಳಿದ್ದರೆ ತಾನೇ?

ಭೂರಿಯ ವಿಷಯದಲ್ಲಿ ಮೋಂಘೀಬೆನ್ ದಿನವೂ ಅದರ ಸುತ್ತ ಸುತ್ತಿ ಬಂದು ನೋಡುತ್ತಿದ್ದರು. ಮೊದಲು ಗೋಡೆ ನೆಕ್ಕುವುದು ನಿಂತಿತು. ಮೋಂಘೀಬೆನ್ ಗೋಡೆಯನ್ನೇ ಅನುಮಾನಿಸಿ, ಗೆಮರ್‌ಭಾಯಿ ಅದಕ್ಕೆ ಏನಾದರೂ ಬಳಿದಿದ್ದಾನೆಯೇ ಎಂದು ವಿಚಾರಿಸಿದರು. ಆಮೇಲೆ ಚರ್ಮಕ್ಕೆ ಸ್ವಲ್ಪ ಹೊಳಪು ಬಂದ ಹಾಗೆ ಕಂಡಿತು. ಬಿಸಿಲು ಓರೆಯಾಗಿ ಬೀಳುವ ಕಾಲ, ಯಾವ ಎಮ್ಮೆಯಾದರೂ ಹೊಳೆದೀತು ಎಂದುಕೊಂಡರು. ಉತ್ತರಾಯಣದ ದಿನ, ಊರಿನ ಮಾಳಿಗೆಗಳ ಮೇಲೆಲ್ಲ ಗಾಳಿಪಟದ ಕೂಗಾಟ ನಡೆದಿದ್ದಾಗ, ಭೂರಿ ಹಗ್ಗ ಜಗ್ಗಿ ಕೂಗಿತು. ಗಾಳಿಪಟಕ್ಕೆ ಬೆದರಿದೆ ಎಂದ ಗೆಮರ್‌ಭಾಯಿ. ಮೋಂಘೀಬೆನ್ ಹಿಂದೆ ಹೋಗಿ ಬಾಲ ಎತ್ತಿ ನೋಡಿ, ಗಾಳಿಪಟವಲ್ಲ, ಬೆದೆ ಎಂದರು. ಆ ಮಧ್ಯಾಹ್ನವೇ ಗಂಡಹೆಂಡಿರು ಭೂರಿಯನ್ನು ಪಕ್ಕದ ಊರಿಗೆ ಹೊಡೆದುಕೊಂಡು ಹೋಗಿ ಬಂದರು.

ಗಬ್ಬ ನಿಂತಿದೆಯೋ ಇಲ್ಲವೋ ಎಂದು ಹೇಳುವವರಿಲ್ಲ. ಮತ್ತೆ ಬೆದೆಗೆ ಬರಲಿಲ್ಲ, ಅದು ಒಳ್ಳೆಯ ಸೂಚನೆ. ಆದರೆ ಎರಡು ಚಳಿಗಾಲ ಬೆದೆಗೇ ಬಾರದಿದ್ದ ಎಮ್ಮೆ ಅದು. ಬಾರದಿರುವುದು ಅದರ ಹಳೆಯ ಚಾಳಿಯೂ ಆಗಿರಬಹುದಲ್ಲ? ಹೋಳಿ ಹತ್ತಿರವಾದಂತೆ ಮೋಂಘೀಬೆನ್ ಊಟ ಕಡಿಮೆ ಮಾಡಿದರು. ಸಜ್ಜೆಯ ರೊಟ್ಟಿ ಮುರಿದು ತಾಟಿನಲ್ಲಿಟ್ಟು, ಎದ್ದು ಹೋಗಿ ಭೂರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಬಂದು, ತಣ್ಣಗಾದ ರೊಟ್ಟಿ ನೋಡುತ್ತ ಕೂರುತ್ತಿದ್ದರು. ಡಾಕ್ಟರ್ ಕೈ ಹಾಕಿ ನೋಡಿ ಇಲ್ಲವೆಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಓಖಾಜಿ ಹಗ್ಗ ಹಾಕುತ್ತಾನೆ.

ಹೋಳಿಯ ಹಿಂದಿನ ದಿನ ಡಾಕ್ಟರ್ ಬಂದ. ಬೆಳಿಗ್ಗೆಯಿಂದ ಮನೆಮನೆ ಹೊಕ್ಕು, ತೋಳಿನವರೆಗೆ ರಬ್ಬರಿನ ಕೈಗವಸು ಏರಿಸಿ, ಎಮ್ಮೆಗಳನ್ನೆಲ್ಲ ಪರೀಕ್ಷಿಸಿದ. ಮೋಂಘೀಬೆನ್ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು. ಮಂಚದ ಮೇಲೆ ಆಗಲೇ ಓಖಾಜಿ ಬಂದು ಕೂತಿದ್ದ. ಅವನ ಹೆಗಲ ಮೇಲಿನ ಹಗ್ಗ ಹೊಸದು.

"ಮೊದಲು ಹಳದಿಯಲ್ಲಿ ಏನಿತ್ತು ಹೇಳಿ. ಆಮೇಲೆ ಕೈ ಹಾಕಿ" ಎಂದರು ಮೋಂಘೀಬೆನ್.

ನಿಮ್ಮ ಹೆದರಿಕೆ ಏನೆಂದು ಡಾಕ್ಟರ್ ಕೇಳಿದ. ತಿನ್ನಿಸಿದ್ದೇನು ಎಂದು ಗೊತ್ತಿಲ್ಲದವನು ಒಳಗಿರುವುದೇನು ಎಂದು ಹೇಗೆ ಹೇಳುತ್ತಾನೆ ಎಂದು ಆಕೆ ತಿರುಗಿ ಕೇಳಿದರು. ಈ ಎರಡಕ್ಕೂ ವೈಜ್ಞಾನಿಕವಾಗಿ ಸಂಬಂಧವಿಲ್ಲ. ಆದರೆ ಅದನ್ನು ವಿವರಿಸುವುದಕ್ಕಿಂತ ಡೈರಿಗೆ ಹೋಗಿ ಸಭೆಯನ್ನೇ ಮೊದಲು ಮುಗಿಸುವುದು ಸುಲಭ ಎಂದು ಡಾಕ್ಟರ್‌ಗೆ ತೋರಿತು. ಉಳಿದ ಎಮ್ಮೆಗಳ ಫಲಿತಾಂಶ ಹೇಗೂ ಕೈಯಲ್ಲಿತ್ತು. ಒಂದು ಎಮ್ಮೆಯಿಂದ ಏನೂ ಬದಲಾಗುವುದಿಲ್ಲ ಎಂದು ಆತ ಹೇಳಿದ್ದನ್ನು ಮೋಂಘೀಬೆನ್ ಕೇಳಿಸಿಕೊಂಡರು.

ಡೈರಿಯ ಅಂಗಳದಲ್ಲಿ ಮತ್ತೆ ಎಲ್ಲರೂ ಸೇರಿದರು. ದಲ್‌ಸಂಗ್‌ಭಾಯಿ ಹೊಸ ಕೋಟು ಹಾಕಿಕೊಂಡಿದ್ದ. ಫಲಿತಾಂಶ ಒಳ್ಳೆಯದಾದರೆ ಜಿಲ್ಲೆಯ ಸಭೆಯಲ್ಲಿ ತಾನು ಮಾತಾಡಬೇಕಾಗುತ್ತದೆ ಎಂದು ಆ ಕೋಟು ಹೇಳುತ್ತಿತ್ತು. ಡಾಕ್ಟರ್ ಎಲ್ಲರ ಎದುರಿಗೇ ಸಂಘದ ಕಚೇರಿಗೆ ಫೋನ್ ಮಾಡಿ, ಎಲ್ಲರ ಎದುರಿಗೇ ಡಬ್ಬಿಗಳ ಗುಟ್ಟನ್ನೂ ರಕ್ತಪರೀಕ್ಷೆಯ ಫಲಿತಾಂಶವನ್ನೂ ಕೇಳಿಕೊಂಡ. ಅವನ ಮುಖ ಬಾಡಿತು.

"ಹಳದಿಯಲ್ಲಿ ಖನಿಜ ಇತ್ತು. ಹಸಿರಿನಲ್ಲಿ ಬರೀ ಸುಣ್ಣಕಲ್ಲು."

ಮೋಂಘೀಬೆನ್ ತಮ್ಮ ನಾಲಿಗೆಯನ್ನು ಹಲ್ಲಿನ ನಡುವೆ ಒಂದು ಸಲ ಕಚ್ಚಿದರು, ತಪ್ಪು ಸಾಕ್ಷಿ ಹೇಳಿದ್ದಕ್ಕೆ.

ಡಾಕ್ಟರ್ ಮುಂದುವರಿಸಿದ. ದುಃಖದ ಸಂಗತಿ ಎಂದರೆ, ಎರಡು ಗುಂಪಿನಲ್ಲೂ ರಕ್ತದ ತಾಮ್ರ ಒಂದೇ ಸಮನಾಗಿ ಏರಿದೆ. ಎರಡರಲ್ಲೂ ಬೆದೆಗೆ ಬಂದ ಎಮ್ಮೆಗಳು ಹೆಚ್ಚು ಕಡಿಮೆ ಸಮ. ಸುಣ್ಣಕಲ್ಲಿನಿಂದ ತಾಮ್ರ ಹೇಗೆ ಏರಿತೋ ತನಗೆ ತಿಳಿಯದು, ಲ್ಯಾಬಿನವರೇ ತಪ್ಪಿರಬೇಕು, ಅಥವಾ ಊರಿನ ನೀರಿನಲ್ಲಿ ಏನೋ ಇರಬೇಕು. ಏನೇ ಇರಲಿ, ಖನಿಜಕ್ಕೂ ಸುಣ್ಣಕ್ಕೂ ವ್ಯತ್ಯಾಸ ಕಾಣದ ಮೇಲೆ ಪುಡಿ ನಿಷ್ಪ್ರಯೋಜಕ ಎಂದೇ ಬರೆಯಬೇಕಾಗುತ್ತದೆ. ಲ್ಯಾಬನ್ನು, ನೀರನ್ನು, ಡಬ್ಬಿ ತುಂಬಿದ ಕಾರ್ಖಾನೆಯನ್ನು ಆತ ಒಂದೊಂದಾಗಿ ಅನುಮಾನಿಸುತ್ತಿದ್ದ. ಆ ಅಂಗಳದಲ್ಲಿ ಕೂತ ಹೆಂಗಸರನ್ನು ಅನುಮಾನಿಸುವುದು ಮಾತ್ರ ಆತನಿಗೆ ಹೊಳೆಯಲಿಲ್ಲ. ಮೋಂಘೀಬೆನ್‌ಗೆ ಅವನ ಬಗ್ಗೆ ಮೊದಲ ಸಲ ಕನಿಕರ ಹುಟ್ಟಿತು. ಅನುಮಾನವನ್ನೂ ಸರಿಯಾಗಿ ಕಲಿಸಿರಲಿಲ್ಲ ಅವನಿಗೆ.

ಬಾಯಿ ಬಿಟ್ಟವಳು ನವಲ್‌ಬೆನ್. ತನ್ನ ಮನೆಗೆ ಸುಣ್ಣ ಬಂದದ್ದು ಖಚಿತವಾದ ಕ್ಷಣದಿಂದ ಅವಳು ಗಂಡನ ಕೋಟನ್ನೇ ದಿಟ್ಟಿಸುತ್ತಿದ್ದಳು.

"ಸುಣ್ಣ ಒಂದೇ ಎಲ್ಲಿ ಹಾಕಿದೀವಿ? ಅರ್ಧ ಭಾಭಿ ಮನೇದು ಹಾಕಿದೀನಿ ನಾನು."

ಡಾಕ್ಟರ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಇನ್ನಾರಾದರೂ ಹೀಗೆ ಮಾಡಿದ್ದೀರಾ ಎಂದು ಮೆಲ್ಲಗೆ ಕೇಳಿದ. ಅಂಗಳದ ತುಂಬ ಕೈಗಳು ಎದ್ದವು. ಎತ್ತದೆ ಕೂತವಳು ಒಬ್ಬ ಮುದುಕಿ. ಅವಳ ಕೈಯನ್ನು ಪಕ್ಕದವಳು ಹಿಡಿದೆತ್ತಿದಳು. ದಲ್‌ಸಂಗ್‌ಭಾಯಿ ಕೋಟಿನ ಗುಂಡಿ ಬಿಚ್ಚಿದ.

"ಯಾಕೆ ಬೆನ್?" ಎಂದ ಡಾಕ್ಟರ್. ಸಿಟ್ಟಿಗಿಂತ ನೋವೇ ಇತ್ತು ದನಿಯಲ್ಲಿ. "ಅದಲು ಬದಲು ಮಾಡಬೇಡಿ ಅಂತ ಅಷ್ಟು ಹೇಳಿದ್ದೆ."

"ಅದಲು ಬದಲು ಯಾರು ಮಾಡಿದ್ರು ಸಾಹೇಬ್? ವಾಟಕಿ ಬಂತು. ಖಾಲಿ ಕಳಿಸೋಕೆ ಆಗುತ್ತಾ?" ಎಂದರು ಮೋಂಘೀಬೆನ್.

ಡಾಕ್ಟರ್ ತಾಯಿಯೂ ಅದೇ ಸೀಮೆಯವಳು. ಆತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಊರಿಗೆ ಊರೇ ಅರ್ಧ ಪ್ರಮಾಣ ತಿನ್ನಿಸಿದ್ದರಿಂದ ಯಾವ ಎಮ್ಮೆಗೂ ಕೆಡುಕಾಗಿಲ್ಲ, ಅಷ್ಟನ್ನು ಮಾತ್ರ ಬರೆಯಬಹುದು ಎಂದ. ಉಪಯೋಗವಾಗಿದೆಯೇ ಎಂದರೆ ಹೇಳುವಂತಿಲ್ಲ. ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚು ಎಮ್ಮೆಗಳು ಬೆದೆಗೆ ಬಂದದ್ದು ನಿಜ, ಆದರೆ ಈ ವರ್ಷ ಮಳೆಯೂ ಚೆನ್ನಾಗಿತ್ತು, ಮೇವಿನ ಕುದುರೆಮೆಂತೆ ಸೊಂಪಾಗಿ ಬಂದಿತ್ತು. ಪುಡಿ ತಿನ್ನದ ಎಮ್ಮೆ ಊರಿನಲ್ಲಿ ಒಂದಾದರೂ ಉಳಿದಿದ್ದರೆ ಹೋಲಿಸಿ ನೋಡಬಹುದಿತ್ತು. ಮತ್ತೆ ಮೊದಲಿಂದ ಮಾಡಬೇಕು, ಬೇರೆ ಊರಿನಲ್ಲಿ. ಗೋಡೆಗಳು ಎತ್ತರವಾಗಿರುವ ಊರಿನಲ್ಲಿ.

ಹಳದಿಯಲ್ಲಿ ಏನಿತ್ತು ಎಂದು ಹೇಳಿಯಾಗಿತ್ತು. ಮೋಂಘೀಬೆನ್ ಮಾತು ತಪ್ಪುವವರಲ್ಲ. ಎದ್ದು ಮುಂದೆ ನಡೆದರು. ಹಿಂದೆ ಡಾಕ್ಟರ್, ಅವನ ಹಿಂದೆ ದಲ್‌ಸಂಗ್‌ಭಾಯಿ, ನವಲ್‌ಬೆನ್, ಇನ್ನುಳಿದ ಅರ್ಧ ಊರು.

ಓಖಾಜಿ ಮಂಚದಿಂದ ಎದ್ದು ನಿಂತ. ಗೆಮರ್‌ಭಾಯಿ ಯಾರ ಮುಖವನ್ನೂ ನೋಡದೆ ಭೂರಿಯ ಮೂಗುದಾರ ಹಿಡಿದ. ಡಾಕ್ಟರ್ ಕೈಗವಸು ಏರಿಸಿ, ಸೋಪು ಸವರಿ, ಕೈ ಒಳಗೆ ಹಾಕಿ, ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ನಿಂತ. ಎಮ್ಮೆ ಪರೀಕ್ಷಿಸುವವರೆಲ್ಲ ಎಲ್ಲಾದರೂ ದೂರ ನೋಡುತ್ತಾರೆ. ಮೋಂಘೀಬೆನ್ ಮಾತ್ರ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಸೆರಗಿನ ತುದಿ ಅವರ ಮುಷ್ಟಿಯಲ್ಲಿ ಹಿಂಡಿದ ಬಟ್ಟೆಯಾಗಿತ್ತು.

"ನಿಂತಿದೆ" ಎಂದ ಡಾಕ್ಟರ್.

"ಇನ್ನೊಂದು ಸಲ ನೋಡಿ."

ಡಾಕ್ಟರ್ ಇನ್ನೊಂದು ಸಲ ನೋಡಿದ. ಎರಡು ತಿಂಗಳು ದಾಟಿದೆ, ಗಟ್ಟಿಯಾಗಿದೆ, ಇದರಲ್ಲಿ ಅನುಮಾನವೇ ಇಲ್ಲ ಎಂದ. ಅನುಮಾನವೇ ಇಲ್ಲ ಎಂಬ ಮಾತನ್ನು ಮೋಂಘೀಬೆನ್ ಬಹುಶಃ ಆಯುಷ್ಯದಲ್ಲಿ ಮೊದಲ ಸಲ ಎದುರು ನುಡಿಯದೆ ಒಪ್ಪಿಕೊಂಡರು. ಭೂರಿಯ ಬೆನ್ನ ಮೇಲೆ ಪಟ್ಟೆಂದು ಒಂದು ಏಟು ಹಾಕಿ, "ಹಾಳಾದೋಳೆ" ಎಂದರು. ಆಮೇಲೆ ಮುಖವನ್ನು ಅದರ ಪಕ್ಕೆಗೆ ಆನಿಸಿ ಸ್ವಲ್ಪ ಹೊತ್ತು ಹಾಗೇ ನಿಂತರು. ಓಖಾಜಿ ಹಗ್ಗವನ್ನು ಸುತ್ತಿ ಮತ್ತೆ ಹೆಗಲಿಗೇರಿಸಿ, ಒಳ್ಳೆಯದಾಯಿತು ಕಾಕಾ ಎಂದು ಗೆಮರ್‌ಭಾಯಿಗೆ ಹೇಳಿ ಹೊರಟ. ಗೆಮರ್‌ಭಾಯಿ ಮೂಗುದಾರ ಬಿಡುವುದನ್ನೇ ಮರೆತಿದ್ದ.

ಅಷ್ಟರಲ್ಲಿ ದಲ್‌ಸಂಗ್‌ಭಾಯಿಗೆ ಮಂತ್ರಿಯ ಜವಾಬ್ದಾರಿ ನೆನಪಾಯಿತು. ಪರೀಕ್ಷೆ ಹಾಳಾದರೂ ಜಿಲ್ಲೆಯ ಸಭೆಯಲ್ಲಿ ಹೇಳಲು ಒಂದು ಮಾತು ಬೇಕಿತ್ತು. ಇಡೀ ಊರಿನಲ್ಲಿ ಅತ್ಯಂತ ಗೊಡ್ಡು ಎನಿಸಿಕೊಂಡಿದ್ದ ಎಮ್ಮೆಯೇ ಗಬ್ಬವಾದ ಮೇಲೆ, ಅದರ ಒಡತಿಯ ಬಾಯಿಂದಲೇ ಒಂದು ತೀರ್ಪು ಹೊರಡಿಸಿದರೆ ಆಗಬಹುದಲ್ಲ? ಆತ ಕೋಟಿನ ಗುಂಡಿಗಳನ್ನು ಮತ್ತೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಕೇಳಿದ:

"ಭಾಭಿ, ಡಾಕ್ಟರ್ ಸಾಹೇಬ್ರು ಇಲ್ಲೇ ಇದಾರೆ. ಯಾರಿಗೂ ಹೆದರದೆ ಸತ್ಯ ಹೇಳಿ. ಭೂರಿ ಗಬ್ಬ ಆದದ್ದು ಹಳದಿಯಿಂದಲೋ, ಹಸಿರಿನಿಂದಲೋ?"

ಮೋಂಘೀಬೆನ್ ಎಮ್ಮೆಯ ಪಕ್ಕೆಯಿಂದ ಮುಖ ತೆಗೆದು ಮಂತ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕೋಣದಿಂದ, ದಲ್‌ಸಂಗ್‌ಭಾಯಿ."